ತಾಳಿ ಕಟ್ಟುವ ತನಕ

ವಿಶಾಖಪಟ್ಟಣದ ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಶಾಮಿಯಾನ ಬೀದಿಗೇ ಅಡ್ಡ. ಬೋರ್ಡಿಲ್ಲ, ಹಗ್ಗವಿಲ್ಲ. ಗಾಡಿಯವರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಅಷ್ಟೇ. ಆ ಬೆಳಿಗ್ಗೆ ಎದುರುಮನೆ ಹುಡುಗಿಯ ಮದುವೆ. ಯಾರದೋ ಕಾರು ಜೋರಾಗಿ ಬಂದು, ಶಾಮಿಯಾನ ಕಂಡು, ಅದೇ ಜೋರಿನಲ್ಲಿ ರಿವರ್ಸ್ ಹೋಗಿದೆ.

ಸದ್ದು ಕೇಳಿ ನಾನು ಓಡಿಬಂದಾಗ ಕಾರಿನ ಹಿಂಭಾಗ ಪಕ್ಕದ ಮನೆಯ ಕಾಂಪೌಂಡಿನೊಳಗೆ ನುಗ್ಗಿ ನಿಂತಿತ್ತು. ಗಾಜಿನ ಚೂರು, ಇಟ್ಟಿಗೆ, ಒಡೆದ ಹಾಲಿನ ಪ್ಯಾಕೆಟ್ಟುಗಳು. ಅವುಗಳ ನಡುವೆ, ನಾನು ಭಾವ ಎಂದು ಕರೆಯುವ ಪಕ್ಕದ ಮನೆಯವರು ಗೋಡೆಗೊರಗಿ ಕೂತಿದ್ದರು. ಬಂದರಿನ ಕೆಲಸದಿಂದ ನಿವೃತ್ತರಾದ ಮೇಲೆ ಬೀದಿಯ ಕೆಲಸವೆಲ್ಲ ತಮ್ಮದೇ ಎಂದುಕೊಂಡಿದ್ದವರು. ಮದುವೆಮನೆಗೆ ಹಾಲು ತರಲು ಹೋಗಿದ್ದರು. ರಕ್ತ ಹೆಚ್ಚೇನೂ ಇರಲಿಲ್ಲ. ಅದನ್ನು ನೋಡಿ ನನಗೆ ಧೈರ್ಯ ಬಂತು, ಎಂಥ ಮಂಕು ನಾನು. ಕಾರಿನವನು ಫೋನ್ ಹಿಡಿದು ಬ್ರೇಕು, ಬ್ರೇಕು ಅನ್ನುತ್ತ ನಿಂತಿದ್ದ. ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಈ ಬೀದಿಯಲ್ಲಿ ನನ್ನೊಡನೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಅಕ್ಕ ಆಟೋದಲ್ಲಿ ಆಸ್ಪತ್ರೆಗೆ ಹೋದಳು.

ವಿಜಯವಾಡದಿಂದ ಗಂಡಿನ ಕಡೆಯವರು ಬರುವ ದಾರಿ ಅದು. ನಾನೇ ಗಾಜು ಗುಡಿಸಿ ನೀರು ಹಾಕಿದೆ. ಪೊರಕೆ ಕೈಯಲ್ಲಿರುವಾಗಲೇ ಅಕ್ಕನ ಫೋನ್ ಬಂತು.

"ಹೋಗಿಬಿಟ್ರು," ಅಂದಳು. ಆಮೇಲೆ, "ತಾಳಿ ಕಟ್ಟೋತನಕ ಯಾರಿಗೂ ಹೇಳಬ್ಯಾಡ. ಆ ಕೂಸಿನ ಕಾಲ್ಗುಣ ಅಂತ ಸಾಯೋತನಕ ಆಡಿಕೋತಾರ."

ಎದುರುಮನೆಯ ಆ ಕೂಸು ಬೆಳೆದದ್ದೇ ಅಕ್ಕನ ಅಡುಗೆಮನೆಯಲ್ಲಿ. ಮಕ್ಕಳಿಲ್ಲದ ಅಕ್ಕ ಅದಕ್ಕೆ ಜಡೆ ಹಾಕಿದ್ದಳು, ಜ್ವರ ಬಂದರೆ ಗಂಜಿ ಕುಡಿಸಿದ್ದಳು.

ಹೋಗದಿದ್ದರೆ ಅನುಮಾನ ಬರುತ್ತದಲ್ಲ, ರೇಷ್ಮೆ ಸೀರೆ ಉಟ್ಟು ಹೋಗಿ ಕೂತೆ. ಮದುಮಗಳ ತಾಯಿ ನನ್ನ ಕೈ ಹಿಡಿದು, "ಅನ್ನಯ್ಯಗಾರು ಎಲಾ ಉನ್ನಾರು?" ಎಂದು ಕೇಳಿದಳು. ಅಣ್ಣ ಹೇಗಿದ್ದಾರೆ ಎಂದು; ಭಾವನನ್ನು ಅವಳು ಕರೆಯುತ್ತಿದ್ದುದು ಹಾಗೆ.

"ಬಾಗುನ್ನಾರು," ಅಂದೆ. ಚೆನ್ನಾಗಿದ್ದಾರೆ. ನನ್ನ ಹರಕು ತೆಲುಗಿನಲ್ಲಿ ಆ ಮಾತೊಂದು ಎಡವದೆ ಬಂತು.

ಮದುಮಗಳು ಆಗಾಗ ತಲೆಯೆತ್ತಿ ಜನರ ನಡುವೆ ಹುಡುಕುತ್ತಿದ್ದಳು. ಯಾರನ್ನೆಂದು ನನಗೆ ಗೊತ್ತು. ವಾದ್ಯ ಜೋರಾಯಿತು, ಕೊರಳಿಗೆ ತಾಳಿ ಬಿತ್ತು, ಎಲ್ಲರೂ ಅಕ್ಷತೆ ಹಾಕಿದರು. ನನ್ನ ಕೈಯಲ್ಲಿದ್ದದ್ದನ್ನು ದೇವರ ಮುಖಕ್ಕೇ ಎಸೆಯಬೇಕು ಅನ್ನಿಸುವಷ್ಟು ಸಿಟ್ಟು. ಆದರೂ ಹುಡುಗಿಯ ತಲೆಯ ಮೇಲೆಯೇ ಹಾಕಿದೆ.

ಏಳುವುದರೊಳಗೆ ತಾಯಿ ಒಂದು ತಟ್ಟೆ ತಂದು ಮಡಿಲಿಗಿಟ್ಟಳು. ಅರಿಶಿನ, ಕುಂಕುಮ, ಹಸಿರು ಬಳೆ, ಮಲ್ಲಿಗೆ. "ವದಿನಗಾರಿಕಿ ಇವ್ವಂಡಿ," ಅಂದಳು. ಅತ್ತಿಗೆಗೆ ಕೊಡಿ ಎಂದು. ಮುತ್ತೈದೆಯರಲ್ಲಿ ಮೊದಲ ತಟ್ಟೆ ಅಕ್ಕನಿಗೇ ಎಂದು ಎತ್ತಿಟ್ಟಿದ್ದಳಂತೆ. ತಾಳಿ ಆಗಿತ್ತು, ಹೇಳಬಹುದಿತ್ತು. ತಟ್ಟೆ ಎತ್ತಿಕೊಂಡು ಎದ್ದುಬಂದೆ.

ಹೆಣ ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಅಕ್ಕ ಹಿತ್ತಿಲ ಬಾಗಿಲಿನಿಂದ ಬಂದು ತನ್ನ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡೇ ಒಳಗೆ ಹೋದೆ. ಅವಳ ಕಣ್ಣಿಗೆ ಬಿದ್ದೇಬಿಟ್ಟಿತು.

"ಕೊಟ್ಟು ಕಳಿಸ್ಯಾಳೇನು? ತಾ ಇಲ್ಲೆ."

ಬಳೆಗಳನ್ನು ಒಂದೊಂದಾಗಿ ಮುಟ್ಟಿದಳು. ತೊಡಲಿಲ್ಲ.

"ತಾಳಿ ಕಟ್ಟಿದ್ರೇನು?"

"ಕಟ್ಟಿದ್ರು, ಅಕ್ಕಾ."

"ಹಂಗಾದ್ರ, ಇನ್ನ ಅಳಬಹುದಲ್ಲ?"

ಹೊರಗೆ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.