ಶಾಫ್ಟಿನ ಹಲ್ಲು ಕೂರದ ಮುಂಜಾನೆ

ಇವತ್ತು ಬೆಳಿಗ್ಗೆ ವಡೋದರಾದ ನಮ್ಮ ಕೊಯಾಲಿ ಕಾಲೊನಿಯ ಮೈದಾನದಲ್ಲಿ ಒಬ್ಬರು ಸಣ್ಣ ಟ್ರ್ಯಾಕ್ಟರಿನ ಹಿಂದೆ ಕೂತು ಹುಲ್ಲು ಕತ್ತರಿಸುವ ಯಂತ್ರ ಜೋಡಿಸುತ್ತಿದ್ದರು. ಸೀಟಿನಲ್ಲಿದ್ದ ಇನ್ನೊಬ್ಬರ ಕೈ ಚಾವಿಯ ಮೇಲಿತ್ತು. ಗ್ರೀಸಿನ ವಾಸನೆ ಬಂದದ್ದೇ ತಡ, ನಡೆದು ಹೋಗುತ್ತಿದ್ದವಳು ನಿಂತುಬಿಟ್ಟೆ.

ನಮ್ಮೂರು ಹಾವೇರಿ ಕಡೆ. ಅಪ್ಪ ಟ್ರ್ಯಾಕ್ಟರಿಗೆ ಮಣ್ಣು ಹದ ಮಾಡುವ ರೋಟಾವೇಟರ್ ಜೋಡಿಸುವಾಗ ಅವ್ವ ಸೀಟಿನ ಮೇಲಿರುತ್ತಿದ್ದಳು. ಎಂಜಿನ್ನಿನ ಬಲವನ್ನು ರೋಟಾವೇಟರಿಗೆ ಮುಟ್ಟಿಸುವ ಹಿಂಬದಿಯ ಶಾಫ್ಟಿನ ಹಲ್ಲು ಒಂದಕ್ಕೊಂದು ಕೂರದಿದ್ದರೆ, ಅವಳು ಚಾವಿಯನ್ನು ಚೂರು ತಿರುವಿ ಶಾಫ್ಟನ್ನು ಹೊರಳಿಸಬೇಕಿತ್ತು. ಅದು ನಮ್ಮೂರಿನವರ ಕೆಟ್ಟ ರೂಢಿ; ತಿರುಗುವ ಶಾಫ್ಟಿಗೆ ಸಿಕ್ಕರೆ ಕೈ ಹೋದಂತೆಯೇ. ಅದಕ್ಕೇ ಅಪ್ಪನ ಎರಡೂ ಕೈ ಮೇಲೆ ಕಾಣುವವರೆಗೆ ಅವ್ವ ಚಾವಿ ಮುಟ್ಟುತ್ತಿರಲಿಲ್ಲ.

ಒಂದು ಮುಂಜಾನೆ ಮೋಡ ಕವಿದಿತ್ತು. ಅಪ್ಪ ಒಂದೇ ಕೈ ಎತ್ತಿದ.

“ಇನ್ನೊಂದು ಎಲ್ಲೈತ್ರಿ?” ಅಂದಳು ಅವ್ವ.

“ಶಾಫ್ಟ್ ಹಿಡದೈತಿ. ಬಿಟ್ರ ಜಾರತೈತಿ. ತಿರುವು ಲಗೂನ, ಮಳಿ ಬಂತು!”

ಬದುವಿನ ಮೇಲೆ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ಎಂಜಿನ್ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅವ್ವ ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಕೆಳಗಿಳಿಯುತ್ತಿದ್ದಳು.

“ಇಲ್ಲಿ ಬಂದು ನೀನೇನ್ ಮಾಡ್ತಿ?” ಅಪ್ಪ ರೇಗಿದ.

“ಸರೀರಿ ಆಕಡೆ. ಬಿತ್ತಿಗಿ ನಾಳೆ ಆಕ್ಕೈತಿ. ಕೈ ನಾಳೆ ಚಿಗರೂದಿಲ್ಲ.”

ಇಬ್ಬರೂ ಸೇರಿ ಕೈಯಿಂದಲೇ ಶಾಫ್ಟ್ ಹೊರಳಿಸಿದರು. ಮಳೆ ಬಂತು, ಕೆಸರಾಯಿತು, ಬೈಗುಳವಾಯಿತು, ಕೊನೆಗೆ ಹಲ್ಲು ಕಟಕ್ಕೆಂದು ಕೂತಿತು.

“ಭಾಈ, ರುಕೋ!” ಚಾವಿಯ ಮೇಲಿನ ಕೈ ಅಲುಗಿದ್ದು ಕಂಡು, ನಿಲ್ಲಿಸಿ ಎಂದು ನಾನಿಲ್ಲಿ ಮೈದಾನದಲ್ಲಿ ಕೂಗಿಬಿಟ್ಟೆ. ಸೀಟಿನಲ್ಲಿದ್ದವರು ಚಾವಿ ಕಿತ್ತು ನನ್ನತ್ತ ತೋರಿಸಿ ನಕ್ಕರು. “ಬೆನ್, ಡರೋ ಮತ್!” ಅಕ್ಕಾ, ಹೆದರಬೇಡಿ ಎಂದರು. ನನಗೆ ನಗು ಬರಲಿಲ್ಲ. ಹಿಂದಿದ್ದವರು ಎದ್ದು ಎರಡೂ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಳ್ಳುವವರೆಗೆ ಅಲ್ಲೇ ನಿಂತಿದ್ದೆ.