ಸುಮ್ಮನಿದ್ದವರು ಪಾಸ್

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಾದಕ್ಕೆ ನಿಂತರೆ ಪುಟಸಂಖ್ಯೆ ಸಮೇತ ನಿಲ್ಲುವವಳು. ಕೋಲಾರದಲ್ಲಿ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನು ಕೂಡ ನನ್ನ ಮುಂದೆ ತಕ್ಕಡಿ ಎತ್ತುವಾಗ ಎರಡು ಸಲ ಯೋಚಿಸುತ್ತಾನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ತಪ್ಪೆಲ್ಲ ನನ್ನದೇ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಹಜಾರದಲ್ಲಿ ಚಾಪೆ ಹಾಸಿಕೊಂಡು ನಾವು ನಾಲ್ಕು ಜನ ರಕ್ತಪಿಶಾಚಿಗಳ ಕಾರ್ಡಾಟ ಆಡುತ್ತೇವೆ. ಅದನ್ನು ತಂದವನು ನನ್ನ ತಮ್ಮ. ಮಾಲೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಮುಳಬಾಗಿಲಿನಿಂದ ಬರುವವಳು ನನ್ನ ಶಾಲಾದಿನಗಳ ಗೆಳತಿ. ಅವಳು ನರ್ಸು. ನಾಲ್ಕನೆಯವನು ನಮ್ಮ ಸೋದರಮಾವನ ಮಗ. ಶ್ರೀನಿವಾಸಪುರದಿಂದಲೂ ಆಚೆ, ಗೌನಿಪಲ್ಲಿಯ ಹತ್ತಿರ ಮಾವಿನ ತೋಟ ನೋಡಿಕೊಳ್ಳುತ್ತಾನೆ. ನನಗಿಂತ ಎರಡು ವರ್ಷ ಚಿಕ್ಕವನು, ಮನೆಯಲ್ಲಿ ಆಡುವುದು ತೆಲುಗು. ಹಾಗಾಗಿ ನನ್ನನ್ನು 'ಅತ್ತಿಗೆ' ಎನ್ನುವ ಬದಲು 'ವದಿನಾ' ಎನ್ನುತ್ತಾನೆ.

ಆಟ ಕೇಳಿದಷ್ಟು ಭಯಂಕರವಲ್ಲ. ಪ್ರತಿಯೊಬ್ಬರಿಗೂ ಅವರವರೇ ಕೂಡಿಹಾಕಿಕೊಂಡ ಕಾರ್ಡಿನ ಕಟ್ಟು ಇರುತ್ತದೆ. ಬೇಡದ ಪಿಶಾಚಿಯನ್ನು ಕೊಟ್ಟು ಬೇಕಾದದ್ದನ್ನು ಬದಲಾಯಿಸಿಕೊಳ್ಳಬಹುದು. ಎಲ್ಲರ ಮುಂದೆಯೂ ರಕ್ತದ ಹನಿಗಳ ಲೆಕ್ಕಕ್ಕೆ ಮೂವತ್ತು ಗುಲಗಂಜಿ. ನಿಮ್ಮ ಪಿಶಾಚಿ ಹೋಗಿ ಎಡಗಡೆ ಕೂತವರ ಮೇಲೆ ಬೀಳಬೇಕು, ನಿಮ್ಮ ಮೇಲೆ ಬಲಗಡೆಯವರದು ಬೀಳುತ್ತದೆ. ಗುಲಗಂಜಿ ಮುಗಿದವರು ಎದ್ದು ಕಾಫಿ ಮಾಡಬೇಕು. ನಮ್ಮಮ್ಮನಿಗೆ ಆ ಚಿತ್ರಗಳನ್ನು ನೋಡಿದರೆ ನಗು. "ಈ ಹಲ್ಲುದೆವ್ವಗಳಿಗೆ ಒಂದು ಹಿಡಿ ಅನ್ನ ಹಾಕಿದ್ರೆ ಹೀಗೆ ರಕ್ತಕ್ಕೆ ಅಲೀತಿರ್ಲಿಲ್ಲ" ಎನ್ನುತ್ತಾರೆ.

ನಮ್ಮ ಮಾವನ ಮಗನಿಗೆ ಮಾತು ಉಗ್ಗುತ್ತದೆ. ಚಿಕ್ಕಂದಿನಿಂದಲೂ ಹಾಗೆಯೇ. ಮೊದಲನೆಯ ಅಕ್ಷರ ಬಾಗಿಲಲ್ಲೇ ನಿಂತುಬಿಡುತ್ತದೆ, ಆಮೇಲೆ ಮಿಕ್ಕಿದ್ದೆಲ್ಲ ಒಟ್ಟಿಗೆ ಬರುತ್ತದೆ. ಮಂಡಿಯಲ್ಲಿ ವ್ಯಾಪಾರದ ಮಾತೆಲ್ಲ ಅವನ ಅಣ್ಣನದು. ಇವನು ಫೋನು ಬಂದರೆ ಕತ್ತರಿಸಿ ಮೆಸೇಜು ಹಾಕುತ್ತಾನೆ. ಮದುವೆ ಮುಂಜಿಗೆ ಬಂದರೆ ಚಪ್ಪರದ ಕಂಬ ಹಿಡಿದು ನಿಂತು ಹೋಗುತ್ತಾನೆ. ತಾನಾಗಿ ಬಸ್ಸು ಹತ್ತಿ ಜನರ ನಡುವೆ ಕೂರಲು ಬರುತ್ತಿದ್ದದ್ದು ನಮ್ಮ ಚಾಪೆಗೊಂದೇ. ನಮಗೆ ಅದು ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ತಕರಾರು ಹುಟ್ಟಿದ್ದು ತಡೆಯುವ ನಿಯಮದಲ್ಲಿ. ಒಬ್ಬರು ದಾಳಿ ಮಾಡಿದಾಗ ಬೇರೆ ಯಾರು ಬೇಕಾದರೂ ತಡೆಯಬಹುದು. ನಿಯಮದ ಪುಸ್ತಕದ ಒಂದು ಪುಟದಲ್ಲಿ, ತಡೆಯುವ ಅವಕಾಶ ಎಡಗಡೆಯಿಂದ ಸರದಿ ಪ್ರಕಾರ ಹೋಗುತ್ತದೆ ಎಂದಿದೆ. ನಾಲ್ಕು ಪುಟ ಬಿಟ್ಟು, ಯಾರೂ ತಡೆಯದಿದ್ದರೆ ದಾಳಿ ಗೆದ್ದಂತೆ ಎಂದಿದೆ. ಯಾರೂ ತಡೆಯಲಿಲ್ಲ ಎಂದು ಯಾವಾಗ ತೀರ್ಮಾನಿಸಬೇಕು? ಒಬ್ಬೊಬ್ಬರನ್ನೂ ಕೇಳಬೇಕೋ, ಬೇಕಾದವರು ತಾವೇ ಹೇಳಬೇಕೋ? ಪುಸ್ತಕ ಬರೆದ ಪುಣ್ಯಾತ್ಮರು ಅದನ್ನು ಬರೆದಿಲ್ಲ. ಪುಸ್ತಕ ಸುಮ್ಮನಿದ್ದ ಕಡೆ ನಾನು ಸುಮ್ಮನಿರುವವಳೇ? ಮೊದಲ ವರ್ಷವೇ ತೀರ್ಪು ಕೊಟ್ಟುಬಿಟ್ಟಿದ್ದೆ: ಮೊದಲು ಬಾಯಿ ಬಿಟ್ಟವರದು ಅವಕಾಶ. ಸುಮ್ಮನಿದ್ದವರು ಪಾಸ್. ದಾಳಿ ಮಾಡಿದವರು ಮುಂದಿನ ಕಾರ್ಡು ಎಳೆದರೆ ಮುಗಿಯಿತು. ಆಟ ಚುರುಕಾಯಿತು ಎಂದು ತಮ್ಮ ಮೆಚ್ಚಿಕೊಂಡಿದ್ದ.

ಹೋದ ಪುಷ್ಯದ ಒಂದು ಭಾನುವಾರ. ತಮ್ಮ ನನ್ನ ಬಲಕ್ಕೆ ಕೂತಿದ್ದ, ಗೆಳತಿ ಎಡಕ್ಕೆ, ಮಾವನ ಮಗ ಎದುರಿಗೆ. ನನ್ನ ಮುಂದೆ ಉಳಿದಿದ್ದದ್ದು ಎರಡೇ ಗುಲಗಂಜಿ. ತಮ್ಮ ದೊಡ್ಡ ಪಿಶಾಚಿಯೊಂದನ್ನು ನನ್ನ ಮೇಲೆ ಬಿಟ್ಟ. ನನ್ನ ಕೈಯಲ್ಲಿ ತಡೆಯುವ ಕಾರ್ಡಿರಲಿಲ್ಲ. ಗೆಳತಿ ತಲೆಯಾಡಿಸಿದಳು. ಎದುರಿಗೆ ಮಾವನ ಮಗ ಒಂದು ಕಾರ್ಡನ್ನು ಅರ್ಧ ಎತ್ತಿ, "ನ... ನ..." ಎಂದು ಶುರು ಮಾಡಿದ. ಅಷ್ಟರಲ್ಲಿ ತಮ್ಮ ಕಾರ್ಡೆಳೆದ.

"ಆಯ್ತು, ಹೋಯ್ತು. ನಾನೇ ಔಟ್" ಎಂದೆ.

ಅವನು ಇನ್ನೂ "ನ..." ಎನ್ನುತ್ತಲೇ ಇದ್ದ.

"ಬಿಡೋ, ಕಾರ್ಡ್ ಎಳೆದಾಯ್ತಲ್ಲ. ರೂಲ್ ಅಂದ್ರೆ ರೂಲ್, ಅದು ನನಗಾದ್ರೂ ಒಂದೇ" ಎಂದು ಎರಡೂ ಗುಲಗಂಜಿಯನ್ನು ಡಬ್ಬಿಗೆ ಹಾಕಿ ಕಾಫಿಗೆ ಎದ್ದೆ. ನನಗೇ ನಷ್ಟವಾದರೂ ನಿಯಮ ಬಿಡಲಿಲ್ಲವೆಂದು ಒಲೆಯ ಮುಂದೆ ನಿಂತು ಬೀಗುತ್ತಿದ್ದೆ. ನಾನು ಲೋಟ ಹಿಡಿದು ಬಂದಾಗ ಅವನು ಆ ಕಾರ್ಡನ್ನು ಕಟ್ಟಿನೊಳಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದ. ನಗುತ್ತಲೇ ಕಾಫಿ ಕುಡಿದು ಬಸ್ಸಿಗೆ ಹೊರಟ.

ಮುಂದಿನ ಭಾನುವಾರ ಬರಲಿಲ್ಲ. ಮಾವು ಹೂ ಬಿಟ್ಟಿದೆ, ಜಿಗಿಹುಳಕ್ಕೆ ಔಷಧಿ ಹೊಡೆಯಬೇಕು ಎಂದು ಮೆಸೇಜು ಬಂತು. ಮಾರನೆಯ ದಿನ ನಮ್ಮ ನಾಲ್ವರ ಗ್ರೂಪಿನಲ್ಲಿ ಇನ್ನೊಂದು ಬಂತು, ಮೊಬೈಲಿನ ಎರಡು ಪರದೆ ತುಂಬುವಷ್ಟು. ಎರಡೂ ಪುಟಗಳ ಫೋಟೋ, ಕೆಳಗೆ ಅವನ ವಾದ. ಸರದಿ ಎಂದು ಬರೆದ ಮೇಲೆ ಪ್ರತಿಯೊಬ್ಬರಿಗೂ ಅವರ ಸರದಿ ಸಿಗಲೇಬೇಕು, ಕೊನೆಯವರು ಬೇಡ ಎನ್ನುವ ತನಕ 'ಯಾರೂ ತಡೆಯಲಿಲ್ಲ' ಎನ್ನಲಾಗದು ಎಂದು. ಬರೆಯುವಾಗ ಅವನಿಗೆ ಎಲ್ಲೂ ತಡೆಯಿಲ್ಲ. ನನ್ನ ಹತ್ತನೇ ಕ್ಲಾಸಿನವರು ಪ್ರಮೇಯವನ್ನು ಅಷ್ಟು ಚೆನ್ನಾಗಿ ಬರೆದರೆ ನಾನು ಊರಿಗೆಲ್ಲ ಸಿಹಿ ಹಂಚುತ್ತೇನೆ.

ಒಪ್ಪಿಕೊಂಡೆನೇ? ಎಲ್ಲಿಯದು. ಸ್ಟಾಫ್ ರೂಮಿನಲ್ಲಿ ಕೂತು ಉತ್ತರ ಬರೆದೆ. ಸರದಿ ಬೇಕಾಗುವುದು ಇಬ್ಬರು ಒಟ್ಟಿಗೆ ತಡೆಯಲು ಬಂದಾಗ ಮಾತ್ರ, ಒಬ್ಬೊಬ್ಬರನ್ನೂ ಕೇಳುತ್ತ ಕೂತರೆ ಒಂದಾಟ ಮುಗಿಯುವ ಹೊತ್ತಿಗೆ ಯುಗಾದಿ ಬರುತ್ತದೆ, ಸುಮ್ಮನಿದ್ದರೆ ಪಾಸ್ ಎನ್ನುವುದು ಎಲ್ಲ ಆಟಗಳಲ್ಲೂ ಇರುವ ನ್ಯಾಯ, ಮೇಲಾಗಿ ಅವತ್ತು ಸೋತವಳು ನಾನೇ, ನನಗೇನು ಲಾಭ? ತಮ್ಮ ನಡುವೆ ಬಂದು, "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದಂಗಾಯ್ತು ಬಾವ, ನಮ್ಮಕ್ಕ ಇರೋವರ್ಗೂ" ಎಂದು ನಗುವ ಮುಖ ಹಾಕಿದ. ಬುಧವಾರ, ಗುರುವಾರ ಹೀಗೆಯೇ ನಡೆಯಿತು. ಅವನೊಂದು ಪುಟ ಹಾಕಿದರೆ ನಾನೊಂದು. ಶುಕ್ರವಾರ ಅವನಿಂದ ಒಂದೇ ಸಾಲು ಬಂತು.

"ವದಿನಾ, ಸುಮ್ಮನಿರೋದು ಬೇರೆ, ಇನ್ನೂ ಹೇಳ್ತಾ ಇರೋದು ಬೇರೆ."

ನಾನು ಅದಕ್ಕೂ ಪುಟಸಂಖ್ಯೆ ಹಾಕಿ ಉತ್ತರ ಕೊಟ್ಟೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಶನಿವಾರ ಗೌನಿಪಲ್ಲಿಯಿಂದ ಬಂದ ಪರಿಚಯದ ಡ್ರೈವರೊಬ್ಬರು ಮನೆಗೆ ಬಂದು ಒಂದು ಬಿಸ್ಕತ್ತಿನ ಡಬ್ಬ ಕೊಟ್ಟು ಹೋದರು. ಒಳಗೆ ಅವನ ಕಾರ್ಡುಗಳೆಲ್ಲ ಇದ್ದವು, ಮೂವತ್ತು ಗುಲಗಂಜಿಯೂ. ಮೇಲೊಂದು ಚೀಟಿ: 'ಬೇರೆ ಯಾರನ್ನಾದರೂ ಸೇರಿಸಿಕೊಳ್ಳಿ. ಮೂರು ಜನರಿಗೆ ಆಟ ಸರಿ ಬರುವುದಿಲ್ಲ.'

ಗೆಳತಿಗೆ ಫೋನು ಮಾಡಿ, "ನೋಡೇ, ಒಂದು ರೂಲಿಗೆ ಇಷ್ಟೊಂದಾ?" ಎಂದೆ.

ಅವಳು ವಾರ್ಡಿನಲ್ಲಿದ್ದಳು. ಸ್ವಲ್ಪ ಈಚೆ ಬಂದು ಮೆಲ್ಲಗೆ ಹೇಳಿದಳು: "ಅವನು ರೂಲಿನ ಮಾತು ಆಡ್ತಿಲ್ಲ ಕಣೇ. ಮೊದಲು ಬಾಯಿ ಬಿಟ್ಟವರದು ಅಂತ ರೂಲ್ ಮಾಡಿದ್ರೆ, ಈ ಜನ್ಮದಲ್ಲಿ ಅವನಿಗೆ ಸರದಿ ಬರುತ್ತಾ? ನಂಗೂ ನಿನ್ನೆ ಅವನ ಸಾಲು ಓದಿದ ಮೇಲೇ ಹೊಳೆದಿದ್ದು."

ಫೋನು ಇಟ್ಟು, ಮೂರು ವರ್ಷದಲ್ಲಿ ಅವನು ಎಷ್ಟು ಸಲ ತಡೆದಿದ್ದ ಎಂದು ಲೆಕ್ಕ ಹಾಕಲು ಹೊರಟೆ. ಒಂದೂ ನೆನಪಿಗೆ ಬರಲಿಲ್ಲ. ಅವನಿಗೆ ತಡೆಯುವ ಆಟ ಇಷ್ಟವಿಲ್ಲ, ಪಾಪದವನು ಎಂದು ನಾವೇ ಅಂದುಕೊಂಡಿದ್ದೆವು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುತ್ತೇನೆ. ಮಾತು ಬಲ್ಲ ನನ್ನ ಕಥೆ ಹೀಗಾಗಿತ್ತು. ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

ಆ ದಿನ ಮಧ್ಯಾಹ್ನ ಮುದ್ದೆ, ಹಿತಕಿದ ಅವರೆಕಾಳಿನ ಸಾರು. ಎರಡನೆಯ ಸಲ ಸಾರು ಬಡಿಸಲು ಬಂದ ಅಮ್ಮನಿಗೆ ಸಾಕು ಎಂದೆ. ಸೌಟು ಹಾಗೆಯೇ ನಿಂತಿತ್ತು. ನಮ್ಮ ಮನೆಯ ರೂಢಿ ಅದು. ಬಾಯಲ್ಲಿ ಹೇಳಿದ 'ಸಾಕು' ಅಮ್ಮನ ಕಿವಿಗೆ ಬೀಳುವುದಿಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಬರುವ ತನಕ ಮುಂದಿನವರ ಹತ್ತಿರ ಹೋಗುವುದೂ ಇಲ್ಲ. ಮಾವನ ಮಗ ಊಟಕ್ಕೆ ಕೂತಾಗಲೂ ಅಷ್ಟೇ. ಅಮ್ಮ ಬಗ್ಗಿಕೊಂಡು ನಿಂತಿರುತ್ತಾರೆ, ಅವನು ಕೈ ಅಡ್ಡ ಇಟ್ಟರೆ ಹೋಗುತ್ತಾರೆ, ಇಲ್ಲದಿದ್ದರೆ ಬಡಿಸುತ್ತಾರೆ. ಅಲ್ಲಿ ಅವನಿಗೆ ಒಂದು ದಿನವೂ ಕಡಿಮೆ ಬಿದ್ದದ್ದಿಲ್ಲ.

"ಕೈ ಅಡ್ಡ ಇಡ್ತೀಯೋ, ಹಾಕ್ಲೋ?" ಎಂದರು ಅಮ್ಮ.

ಇಟ್ಟೆ. ಆಮೇಲೆ ತಟ್ಟೆಯ ಮೇಲಿನ ನನ್ನ ಕೈಯನ್ನೇ ನೋಡಿದೆ. ನಿಯಮ ನಮ್ಮ ಮನೆಯಲ್ಲೇ ಇತ್ತು, ಆಟವಾಡುವ ಚಾಪೆಯಿಂದ ಹತ್ತಡಿ ದೂರದಲ್ಲಿ.

ಭಾನುವಾರ ಬೆಳಿಗ್ಗೆ ಬಿಸ್ಕತ್ತಿನ ಡಬ್ಬ ಹಿಡಿದುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಅತ್ತೆ ಅಂಗಳದಲ್ಲೇ ಸಿಕ್ಕಿ, "ಎಪ್ಪುಡೊಚ್ಚಿನಾವಮ್ಮಾ?" ಎಂದು ಕೈ ಹಿಡಿದರು. ಈಗಷ್ಟೇ ಬಂದೆ ಎಂದು ತೋಟಕ್ಕೆ ನಡೆದೆ. ಅವನು ಹೂ ಗೊಂಚಲನ್ನು ಅಂಗೈ ಮೇಲೆ ತಟ್ಟಿ ಹುಳ ಬೀಳುತ್ತದೆಯೇ ಎಂದು ನೋಡುತ್ತಿದ್ದ. ನನ್ನನ್ನು ಕಂಡು ಗೊಂಚಲು ಬಿಟ್ಟ.

"ತಪ್ಪು ನಂದು ಕಣೋ. ಪುಸ್ತಕದ್ದಲ್ಲ, ನಂದು. ಮೂರು ವರ್ಷ ನಿನ್ನ ಸರದಿ ತಿಂದಿದೀನಿ" ಎಂದೆ. ಬಸ್ಸಿನಲ್ಲಿ ಇನ್ನೂ ಉದ್ದಕ್ಕೆ ತಯಾರು ಮಾಡಿಕೊಂಡಿದ್ದೆ, ಅಲ್ಲಿ ಬಂದದ್ದು ಇಷ್ಟೇ.

ಅವನು ಡಬ್ಬ ತೆರೆದು ಕಟ್ಟಿನಿಂದ ಒಂದು ಕಾರ್ಡು ಹುಡುಕಿ ತೆಗೆದ. "ಅ... ಅ..." ಎಂದ. 'ಅವತ್ತು' ಎನ್ನಲು ಹೊರಟಿದ್ದಾನೆ ಎಂದು ನನಗೆ ಗೊತ್ತಾಯಿತು. ಬಾಯಿ ತೆರೆದೆ. ಅವನ ಮಾತನ್ನು ನಾವೇ ಮುಗಿಸಿ ಕೊಡುವುದು ಮನೆಮಂದಿಗೆಲ್ಲ ಅಭ್ಯಾಸ, ಅದೊಂದು ಉಪಕಾರ ಎಂದೇ ತಿಳಿದಿದ್ದೆವು. ಅವನು ಅಂಗೈ ಎತ್ತಿ ನನ್ನನ್ನು ನಿಲ್ಲಿಸಿದ. ಬಾಯಿ ಮುಚ್ಚಿದೆ. ಎಷ್ಟು ಹೊತ್ತಾಯಿತೋ, ನೋಡಲಿಲ್ಲ.

"ಅವತ್ತು ನಿನ್ನನ್ನ ಉಳಿಸೋಕೆ ಹೋದೆ ವದಿನಾ" ಎಂದ.

ಕಾರ್ಡು ಕೈಗೆ ಕೊಟ್ಟ. ಬೇರೆಯವರ ಮೇಲಿನ ದಾಳಿಯನ್ನು ತನ್ನ ಮೇಲೆ ಎಳೆದುಕೊಳ್ಳುವ ಕಾರ್ಡು ಅದು. ನಾನು ಅವತ್ತು ಒಲೆಯ ಮುಂದೆ ನಿಂತು ಬೀಗಿದ್ದು ನೆನಪಾಯಿತು. ಕಣ್ಣಲ್ಲಿ ನೀರು ಬಂತು, ಔಷಧಿಯ ಗಾಟು ಎಂದು ಸೆರಗಿನಿಂದ ಒರೆಸಿಕೊಂಡೆ. ಅವನು ನಂಬಲಿಲ್ಲ. ಹೊಸ ನಿಯಮ ಹೇಳಿದೆ: ದಾಳಿ ಬಿದ್ದ ಮೇಲೆ ಎಡದಿಂದ ಒಬ್ಬೊಬ್ಬರೂ. ಬೇಡವಾದವರು ಚಾಪೆಯ ಮೇಲೆ ಕೈ ಮಗುಚಿ ಇಡಬೇಕು. ಕೈ ಕೆಳಗೆ ಬರುವ ತನಕ ಯಾರೂ ಕಾರ್ಡೆಳೆಯುವ ಹಾಗಿಲ್ಲ. ಬರುತ್ತೀಯಾ ಎಂದು ಕೇಳಲು ಧೈರ್ಯವಾಗಲಿಲ್ಲ. ಡಬ್ಬ ಅವನ ಕೈಯಲ್ಲೇ ಬಿಟ್ಟು ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ವಾಪಸು ಬಂದೆ. ವಾರವಿಡೀ ಗ್ರೂಪಿನಲ್ಲಿ ಒಂದು ಮಾತೂ ಇರಲಿಲ್ಲ.

ಭಾನುವಾರ ಊಟಕ್ಕೆ ತಟ್ಟೆ ಹಾಕುವಾಗ ಗೇಟಿನ ಸದ್ದಾಯಿತು. ಬಿಸ್ಕತ್ತಿನ ಡಬ್ಬ ಕಂಕುಳಲ್ಲಿತ್ತು. ಅಮ್ಮ, "ಇಳಿದು ಹೋಗಿದೀಯಲ್ಲೋ" ಎಂದು ಅವನಿಗೆ ಮೊದಲು ಮುದ್ದೆ ಹಾಕಿದರು.

ಆಟ ನಿಜವಾಗಿಯೂ ನಿಧಾನವಾಯಿತು. ತಮ್ಮ ಆಕಳಿಸಿದ. ನಾಲ್ಕು ಗಂಟೆಯ ಹೊತ್ತಿಗೆ ನಾನು ಗೆಳತಿಯ ಮೇಲೆ ದಾಳಿ ಬಿಟ್ಟೆ. ಅದು ಬಿದ್ದರೆ ಆಟ ನನ್ನ ಕಡೆ. ಗೆಳತಿ ಕೈ ಮಗುಚಿದಳು. ಮಾವನ ಮಗನ ತುಟಿ ಅಲ್ಲಾಡುತ್ತಿತ್ತು, ಕೈ ಮೇಲೆಯೇ ಇತ್ತು. ನನ್ನ ಬೆರಳುಗಳಿಗೆ ಮೂರು ವರ್ಷದ ಚಟ. ನನಗೇ ತಿಳಿಯದ ಹಾಗೆ ಕಾರ್ಡು ಎಳೆದುಬಿಟ್ಟಿದ್ದವು.

ತಮ್ಮ ನನ್ನನ್ನು ನೋಡಿದ. ಗೆಳತಿ ನೋಡಿದಳು. ಯಾರೂ ಅವನ ಪರವಾಗಿ ಬಾಯಿ ಹಾಕಲಿಲ್ಲ.

"ವ... ವ... ವದಿನಾ," ಎಂದ ಅವನು, ಎಲ್ಲೂ ಅವಸರ ಮಾಡದೆ, "ಕಾರ್ಡ್ ವಾಪಸ್ ಇಡು. ನಾನಿನ್ನೂ ಹೇಳ್ತಾ ಇದೀನಿ."

ವಾಪಸ್ ಇಟ್ಟೆ. ಅವನು ಹೇಳಿ ಮುಗಿಸಿ ದಾಳಿ ತಡೆದ. ಅವತ್ತೂ ಕಾಫಿ ಮಾಡಿದ್ದು ನಾನೇ.