ಕಂಡಕ್ಟರರ ಷೆಡ್ಡಿನಲ್ಲಿ ನಾನು ಮಾಡಿದ ವ್ಯವಸ್ಥೆ

ಕಳೆದ ವಾರ ಮೇಜಿನ ಖಾನೆಯನ್ನು ಶುಚಿಗೊಳಿಸುವಾಗ ಗೋಂದಿನ ಹಳೆಯ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತೆರೆದೆ. ಅದರ ಹುಳಿ ವಾಸನೆ ಮೂಗಿಗೆ ತಾಗಿದೊಡನೆ ಜಾವಳಿಗೆ ಹೋಗುವ ರಸ್ತೆಯ ಒಂದು ತಗಡಿನ ಷೆಡ್ಡೂ, ಅದರ ಬಾಗಿಲಲ್ಲಿ ನಿಂತಿದ್ದ ನಿವೃತ್ತ ಬಸ್ ಕಂಡಕ್ಟರೂ ನೆನಪಾದರು. ಅವರ ಹೆಸರನ್ನು ನಾನು ಕೇಳಿರಲೇ ಇಲ್ಲ...

ಆಗ ನಾನಿನ್ನೂ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಹೆಂಡತಿ, ಮಗಳೊಡನೆ ಕಾರಿನಲ್ಲಿ ಕಳಸಕ್ಕೆ ಹೊರಟಿದ್ದಾಗ ಟೈರು ಪಂಕ್ಚರಾಯಿತು, ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ಕಾರು ನಿಂತೆಡೆಯಲ್ಲೇ ಸುಣ್ಣದಲ್ಲಿ ಬರೆದ ಹಲಗೆಯೊಂದಿತ್ತು: ‘ಬಸ್ಸಿನಲ್ಲಿ ಮರೆತ ಸಾಮಾನುಗಳ ಮ್ಯೂಸಿಯಂ. ನಿಮ್ಮದಿದ್ದರೆ ಒಯ್ಯಿರಿ.’

ಮೇಷ್ಟ್ರೆಂದು ಪರಿಚಯ ಹೇಳಿಕೊಂಡು ಒಳಗೆ ಹೋದೆ. ಗೋಣಿಬೀಡಿನಿಂದ ಕಳಸಕ್ಕೆ ಓಡುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ಆ ಕಂಡಕ್ಟರು ಬಹುಕಾಲ ದುಡಿದಿದ್ದರು. ಮನೆ ಗೊತ್ತಿದ್ದವರಿಗೆ ಅವರವರ ಸಾಮಾನನ್ನು ಮುಟ್ಟಿಸಿ, ಮುಖ ಮಾತ್ರ ಗೊತ್ತಿದ್ದವರದನ್ನು ಈ ಷೆಡ್ಡಿನಲ್ಲಿ ಇರಿಸಿಕೊಂಡಿದ್ದರು. ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಕಟ್ಟುಹಲ್ಲು, ಮದುವೆಯ ಆಲ್ಬಮ್ಮು, ಮತ್ತು ಎಲ್ಲೆಂದರಲ್ಲಿ ಕಪ್ಪು ಛತ್ರಿಗಳು.

“ಇಷ್ಟರಲ್ಲಿ ಯಾರದು ಯಾವುದೆಂದು ಹೇಗೆ ತಿಳಿಯುತ್ತದೆ?” ಎಂದು ಕೇಳಿದೆ.

“ಮುಖ ನೋಡಿದ್ರೆ ಸಾಕು ಮೇಷ್ಟ್ರೇ, ಸಾಮಾನಿರೋ ಜಾಗಕ್ಕೆ ಕಾಲೇ ಹೋಗ್ತದೆ. ಇವತ್ತಿನವರೆಗೆ ಒಬ್ಬರದ್ದನ್ನ ಇನ್ನೊಬ್ಬರಿಗೆ ಕೊಟ್ಟಿಲ್ಲ,” ಎಂದು ಅವರು ನಕ್ಕರು.

ನನಗೆ ಕಂಡದ್ದು ಅವ್ಯವಸ್ಥೆ ಮಾತ್ರ.

“ನಿಮಗೆ ಇಲ್ಲಿ ಯಾರ ಗುರುತೂ ಇಲ್ಲ” ಎನ್ನುತ್ತ ಅವರೇ ನಮ್ಮ ಟೈರನ್ನು ಬಸ್ಸಿಗೆ ಹಾಕಿಕೊಂಡು ಪಂಕ್ಚರು ಹಾಕಿಸಲು ಕೊಟ್ಟಿಗೆಹಾರಕ್ಕೆ ಹೊರಟರು. ಹೊರಡುವಾಗ ಒಂದು ಮಾತು ಹೇಳಿದರು: “ಮಧ್ಯಾಹ್ನದ ಬಸ್ಸಿಗೆ ಒಬ್ಬಳು ಬರ್ತಾಳೆ, ತೀರಿಕೊಂಡ ಗಂಡನ ಛತ್ರಿ ಕೇಳ್ಕೊಂಡು. ಬಂದ್ರೆ ಕೂರಿಸಿ. ಪಾಪ, ಅವನದ್ದು ಅಂತ ಉಳಿದಿರೋದು ಅದೊಂದೇ ಅಂತೆ.”

ಅವರ ಉಪಕಾರಕ್ಕೆ ಪ್ರತಿಯಾಗಿ ಏನನ್ನಾದರೂ ಮಾಡಬೇಕೆನಿಸಿತು. ಮಗಳ ಚೀಲದಲ್ಲಿ ಬಿಳಿ ಹಾಳೆಯೂ ಗೋಂದೂ ಇದ್ದವು. ಛತ್ರಿಗಳನ್ನೆಲ್ಲ ಒಂದೆಡೆ, ಡಬ್ಬಿಗಳನ್ನೆಲ್ಲ ಇನ್ನೊಂದೆಡೆ, ಗಾತ್ರಾನುಸಾರ ಜೋಡಿಸತೊಡಗಿದೆ. ಒಂದೊಂದಕ್ಕೂ ‘ಛತ್ರಿ ೧’, ‘ಡಬ್ಬಿ ೧’ ಎಂದು ಕ್ರಮಸಂಖ್ಯೆಯ ಚೀಟಿ ಬರೆದು ಅಂಟಿಸಿದೆ.

“ರೀ, ಅವರನ್ನ ಒಂದು ಮಾತು ಕೇಳಿ ಮಾಡಬಾರದಾ?” ಎಂದಳು ಹೆಂಡತಿ.

“ವ್ಯವಸ್ಥೆ ಮಾಡಲು ಅಪ್ಪಣೆ ಬೇಕೆ?” ಎಂದೆ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ...

ಟೈರು ಉರುಳಿಸಿಕೊಂಡು ಬಂದ ಕಂಡಕ್ಟರು ಬಾಗಿಲಲ್ಲೇ ನಿಂತುಬಿಟ್ಟರು. ಸಾಮಾನಿಟ್ಟಿದ್ದ ಗೋಡೆಯುದ್ದದ ಹಲಗೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ಕೊಟ್ಟಿಗೆಹಾರ ಎಲ್ಲಿ?”

ನಾನು ಅವರು ಬಂದ ರಸ್ತೆಯತ್ತ ಕೈ ತೋರಿಸಿದೆ.

“ಅದಲ್ಲ ಮಾರಾಯ್ರೇ. ಇಲ್ಲಿತ್ತಲ್ಲ, ಈ ಕಂಬದ ಹತ್ರ.”

ಆಮೇಲೆ ತಿಳಿಯಿತು. ಬಾಗಿಲ ಬಳಿ ಗೋಣಿಬೀಡು, ಹಿಂದಿನ ಗೋಡೆಗೆ ಕಳಸ. ನಡುವೆ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಜಾವಳಿ. ಯಾರು ಎಲ್ಲಿ ಇಳಿದರೋ ಅವರ ವಸ್ತು ಅಲ್ಲಿ. ಮೇಲಿನ ಹಲಗೆ ಮುಂದಿನ ಸೀಟಿನವರದು, ಕೆಳಗಿನದು ಹಿಂದಿನವರದು. ಆ ಷೆಡ್ಡು ಅವರ ಬಸ್ಸಾಗಿತ್ತು. ನಾನು ಪ್ರಯಾಣಿಕರನ್ನೆಲ್ಲ ಎಬ್ಬಿಸಿ, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದೆ.

“ಒಂದು ಛತ್ರಿ ಆ ಮೂಲೇಲಿತ್ತು, ಅಲ್ವಾ ಅಜ್ಜ?” ಎಂದು ಮಗಳು ನೆನಪಿಸಲು ನೋಡಿದಳು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಇಳಿದವಳು ನಲವತ್ತರ ಆಸುಪಾಸಿನ ಹೆಂಗಸು. ತೋಟದ ಕೆಲಸದಿಂದ ನೇರವಾಗಿ ಬಂದಿರಬೇಕು, ಸೆರಗಿಗೆ ಮಣ್ಣು ಅಂಟಿತ್ತು. ಅವಳ ಮುಖ ಕಂಡೊಡನೆ ಕಂಡಕ್ಟರರ ಕಾಲು ತಾನಾಗಿ ಕಂಬದ ಬಳಿಗೆ ನಡೆಯಿತು. ಅಲ್ಲಿ ಡಬ್ಬಿಗಳಿದ್ದವು.

ಹೆಸರು ಬರೆದಿದ್ದ ಛತ್ರಿಗಳು ಎಂದೋ ಮನೆ ಸೇರಿದ್ದವು. ಉಳಿದ ಇಪ್ಪತ್ತಮೂರನ್ನೂ ಅವರು ಒಂದೊಂದಾಗಿ ಬಿಚ್ಚಿ ತೋರಿಸಿದರು. ಎಲ್ಲವೂ ಕಪ್ಪು, ಎಲ್ಲಕ್ಕೂ ಬಾಗಿದ ಮರದ ಹಿಡಿ. ಅವಳು ಪ್ರತಿಯೊಂದರ ಹಿಡಿಯನ್ನೂ ಮುಟ್ಟಿ ನೋಡಿದಳು.

“ಗೊತ್ತಾಗಲ್ಲ ಅಣ್ಣ. ಇದರಲ್ಲೇ ಒಂದು ಅವರದ್ದಲ್ವಾ? ಯಾವುದಾದ್ರೂ ಒಂದು ಕೊಡಿ.”

“ಯಾವುದಾದ್ರೂ ಒಂದು ಕೊಡೋಕೆ ನಾನು ಛತ್ರಿ ಅಂಗಡಿ ಇಟ್ಟಿಲ್ಲ ತಂಗಿ,” ಎಂದರು.

ತಪ್ಪು ನನ್ನದೆಂದು ನಾನು ಅವಳಿಗೆ ಹೇಳಬೇಕಿತ್ತು. ಇಡೀ ತರಗತಿಯೆದುರು ದೀರ್ಘ ವಾಕ್ಯಗಳನ್ನು ಲೋಪವಿಲ್ಲದೆ ಕಟ್ಟುತ್ತಿದ್ದ ನನಗೆ ಅಂದು ಒಂದು ಕರ್ತೃಪದವೂ ಬಾಯಿಗೆ ಬರಲಿಲ್ಲ... ಹಿಂದಿರುಗುವ ಬಸ್ಸಿಗೆ ಅವಳು ಬರಿಗೈಯಲ್ಲಿ ಹತ್ತಿದಳು.

ಕಂಡಕ್ಟರು ನನ್ನನ್ನು ಬೈಯಲಿಲ್ಲ. ಟೈರು ಹಾಕಲು ಜ್ಯಾಕು ಹಿಡಿದುಕೊಟ್ಟರು. ಹೊರಡುವಾಗ, “ನಿಮ್ಮ ಅಕ್ಷರ ಚೆನ್ನಾಗಿದೆ ಮೇಷ್ಟ್ರೇ” ಎಂದಷ್ಟೇ ಹೇಳಿದರು.

ಕ್ಷಮೆ ಕೇಳಲು ಹೋಗಬೇಕೆಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಮೊನ್ನೆ ಭಾನುವಾರ ಮನಸ್ಸು ತಡೆಯದೆ ಹೋದೆ. ರಸ್ತೆಬದಿಯ ಹಲಗೆ ಇರಲಿಲ್ಲ. ಅವರ ಸೊಸೆ ಷೆಡ್ಡಿನ ಬೀಗ ತೆಗೆದಳು.

“ಮಾವ ಹೋಗಿ ಎರಡು ವರ್ಷ ಆಯ್ತು ಸಾರ್. ಹುಷಾರಿದ್ದಾಗ್ಲೇ ಇಲ್ಲಿಗೆ ಬರೋದು ಬಿಟ್ಟಿದ್ರು. ಯಾಕೆ ಅಂತ ಕೇಳಿದ್ರೆ, ಬಸ್ಸು ನಿಂತುಹೋಯ್ತು ಅಂತಿದ್ರು.”

ಒಳಗೆ ನಾನು ಜೋಡಿಸಿದ ವಸ್ತುವೊಂದೂ ಕದಲಿರಲಿಲ್ಲ. ಹಿಂದಿರುಗಲು ಹೊರಟಾಗ ಮಳೆ ಹಿಡಿಯಿತು. ಬೇಡವೆಂದರೂ ಕೇಳದೆ ಅವಳು ಛತ್ರಿಗಳ ಸಾಲಿನಿಂದ ಒಂದನ್ನು ಎಳೆದು ನನ್ನ ಕೈಗಿಟ್ಟಳು.

“ನೆನೀಬೇಡಿ ಸಾರ್, ತಗೊಂಡು ಹೋಗಿ. ಯಾರದ್ದೂ ಅಲ್ಲ ಇವು.”

ಮನೆ ತಲುಪಿದಾಗ ಹೆಂಡತಿ ಬಾಗಿಲು ತೆರೆದು, ನನ್ನ ಕೈಯಲ್ಲಿದ್ದುದನ್ನು ನೋಡಿ ಕೇಳಿದಳು: “ಯಾರ ಛತ್ರಿ ರೀ ಇದು?”

ಹೇಳಬಲ್ಲವರು ಒಬ್ಬರೇ ಇದ್ದರು, ನಾನು ಚೀಟಿ ಅಂಟಿಸುವವರೆಗೆ.